ಗಂಧಕದ ಬತ್ತಿ, ಗೊಬ್ಬರದ ಚೀಲ

ಕೇಳುಗರಿಗೆ ನಮಸ್ಕಾರ.

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್. ಒಳಗೆ ಮಾಡಿನವರೆಗೆ ಒಣಮೆಣಸಿನಕಾಯಿ ಚೀಲ. ಪಕ್ಕದ ಮಷಿನ್ ಕೋಣೆಯಲ್ಲಿ ಹಿಮ ಕಟ್ಟಿದ ಪೈಪು. ಆಪರೇಟರು ಗಂಧಕದ ಬತ್ತಿ ಹಚ್ಚಿ, ಪೈಪಿನ ಜೋಡಣೆಗಳ ಹತ್ತಿರ ನಿಧಾನವಾಗಿ ಹಿಡಿಯುತ್ತಾ ಹೋದರು. ಒಂದು ಕಡೆ ಗಪ್ಪನೆ ಬಿಳಿ ಹೊಗೆ ಎದ್ದಿತು. 'ಇಲ್ಲೇ ಸೋರಾಕತ್ತೈತ್ ನೋಡ್ರಿ ಸರ' ಎಂದರು. ಅಷ್ಟರಲ್ಲಿ ನನ್ನ ಕಣ್ಣಲ್ಲೂ ನೀರು!

ಅದು ಅಮೋನಿಯಾ. ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ. ಕುದಿಯುವಾಗ ಸುತ್ತಲಿನ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣಕ್ಕೆ, ಅಲ್ವಾ? ಆ ಕೆಂಪು ತಿಂಗಳುಗಟ್ಟಲೆ ಮಾಸದಂತೆ ಕಾಯುವುದು ಈ ತಂಪು. ಅನಿಲ ಅಗ್ಗ, ಓಝೋನ್ ಪದರಕ್ಕೂ ಹಾನಿಯಿಲ್ಲ. ಆದರೆ ವಿಷ. ಜಾಸ್ತಿ ಸೋರಿದರೆ ಒದ್ದೆ ಬಟ್ಟೆ ಮೂಗಿಗೆ ಹಿಡಿದು, ಗಾಳಿಗೆ ಅಡ್ಡಲಾಗಿ ನಡೆದು ಹೊರಗೆ ಬರಬೇಕು. ನೀರು ಕಂಡರೆ ಅಮೋನಿಯಾ ಅದರಲ್ಲಿ ಕರಗಿಬಿಡುತ್ತದೆ, ಅದಕ್ಕೇ ಒದ್ದೆ ಬಟ್ಟೆ.

ಇಷ್ಟಾದರೂ ತಂಪು ಮಾಡಲು ಹೋಗುವುದು ಚಿಟಿಕೆಯಷ್ಟು ಮಾತ್ರ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 18 ಕೋಟಿ ಟನ್ ಅಮೋನಿಯಾ ತಯಾರಾಗುತ್ತದೆ. ನೂರಕ್ಕೆ ಸುಮಾರು 70 ಪಾಲು ಗೊಬ್ಬರಕ್ಕೇ. ಉಳಿದದ್ದು ನೈಲಾನ್‌ಗೆ, ಬಂಡೆ ಸಿಡಿಸುವ ಮದ್ದಿಗೆ, ಹೀಗೆ ಹತ್ತಾರು ಕಡೆಗೆ.

ನೀವು ಗೋವಿನಜೋಳಕ್ಕೆ ಹಾಕುವ ಯೂರಿಯಾ ಇದೆಯಲ್ಲ, ಅದರ 45 ಕಿಲೋ ಚೀಲದ ಹಿಂದೆ 25-26 ಕಿಲೋ ಅಮೋನಿಯಾ ಇದೆ. ಗಾಳಿಯಿಂದ ಸಾರಜನಕ, ನೈಸರ್ಗಿಕ ಅನಿಲದಿಂದ ಜಲಜನಕ. ಎರಡನ್ನೂ ಭಾರಿ ಒತ್ತಡದಲ್ಲಿ ಕೂಡಿಸುವ ದಾರಿಯನ್ನು ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿದರು. 1913ರಲ್ಲಿ ಕಾರ್ಖಾನೆಯೇ ಶುರುವಾಯಿತು. ಗಾಳಿ ಪುಕ್ಕಟೆ, ಅನಿಲ ಪುಕ್ಕಟೆ ಅಲ್ಲ. ನಮ್ಮ ದೇಶಕ್ಕೆ ಅದರಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬರುತ್ತದೆ. ಎಲ್ಲೋ ಕೊಲ್ಲಿಯಲ್ಲಿ ಗಲಾಟೆಯಾದರೆ ಇಲ್ಲಿ ಗೊಬ್ಬರದ ಲೆಕ್ಕ ಏರುಪೇರಾಗುತ್ತದೆ. ಚೀಲದ ಬೆಲೆ ಮಾತ್ರ ಏರುವುದಿಲ್ಲ, ಸಬ್ಸಿಡಿ ತುಂಬಿಕೊಡುತ್ತದೆ. ನಮಗೆ ಕಾಣುವುದು ಅಂಗಡಿ ಮುಂದಿನ ಸಾಲು.

ಆ ಸಾಲಿನ ಕಥೆ ಹಾವೇರಿಯವರಿಗೆ ನಾನು ಹೇಳಬೇಕಾಗಿಲ್ಲ. 2008ರ ಜೂನ್ 10ರಂದು ಗೊಬ್ಬರ ಕೇಳಲು ಬಂದ ರೈತರ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. ಮಳೆ ಬಿದ್ದಾಗ ಎಲ್ಲರಿಗೂ ಒಂದೇ ವಾರದಲ್ಲಿ ಗೊಬ್ಬರ ಬೇಕು. ಈ ಬೇಡಿಕೆ ಕಾಯುವುದಿಲ್ಲ.

ಇನ್ನೊಂದು ಮಾತು. ಹಸಿ ನೆಲದ ಮೇಲೆ ಯೂರಿಯಾ ಎರಚಿ ಸುಮ್ನೆ ಬಿಟ್ಟರೆ ಎರಡು ಮೂರು ದಿನದಲ್ಲಿ ಅದೇ ಘಾಟು ಏಳಬಹುದು. ಯೂರಿಯಾ ಮತ್ತೆ ಅಮೋನಿಯಾ ಆಗಿ ಹಾರಿಹೋಗುತ್ತಿರುತ್ತದೆ. ಹೊಲದಲ್ಲಿ ಗಂಧಕದ ಬತ್ತಿ ಹಿಡಿದು ಸೋರಿಕೆ ಹುಡುಕಲು ಯಾರೂ ಬರುವುದಿಲ್ಲ. ಎರಚಿದ ದಿನವೇ ಎಡೆ ಹೊಡೆದು ಮಣ್ಣು ಮುಚ್ಚಿಬಿಡಿ.

ನಮಸ್ಕಾರ.