ಬೆಂಗಳೂರಿಗೆ 160 ರೂಪಾಯಿ, ಊರೊಳಗೆ 200!

ಇದು ರಾಯಚೂರು ಕೋಟೆಯ ಪಶ್ಚಿಮದ ಗೋಡೆ. ಈ ಕಲ್ಲು ನೋಡಿ, ಒಂದೇ ಕಲ್ಲು, ಉದ್ದ 40 ಅಡಿಗೂ ಜಾಸ್ತಿ. ಫ್ರೇಮಿನಲ್ಲಿ ಹಿಡಿಸುತ್ತಲೇ ಇಲ್ಲ. ಮೇಲಿರುವುದು 1294ರ ತೆಲುಗು ಶಾಸನ, ಕಾಕತೀಯರ ಕಾಲದ್ದು. ನನಗೆ ಬೇಕಿದ್ದದ್ದು ಪಕ್ಕದ ಚಿತ್ರ. ಝೂಮ್ ಮಾಡ್ತೀನಿ ಇರಿ. ಗಾಡಿ ಮೇಲೆ ಇದೇ ಕಲ್ಲು, ಮುಂದೆ ಸಾಲಾಗಿ ಕೋಣಗಳು, ಗಾಡಿ ಹೊಡೆಯುವ ಜನ. ಕಟ್ಟಿಸಿದವರ ಹೆಸರು ಎಲ್ಲಾ ಕೋಟೆಯಲ್ಲೂ ಸಿಗುತ್ತದೆ. ಸಾಗಿಸಿದವರನ್ನು ಕೆತ್ತಿದ್ದು ಎಷ್ಟು ಕಡೆ ಇದೆ ಹೇಳಿ? ಇಡೀ ಕೋಟೆಯಲ್ಲಿ ನನಗೆ ಇದೇ ಇಷ್ಟ.

ಸರಿ, ಆ ಕಲ್ಲಿನ ಹಾಗೆ ನಾನೂ ಒಂದಿಷ್ಟು ಭಾರ ಸಾಗಿಸಬೇಕಿತ್ತು: ಅಕ್ಕಿ. ಬೆಂಗಳೂರಲ್ಲಿರುವ ತಂಗಿಗೆ ಸಿಂಧನೂರು ಕಡೆಯ ಸೋನಾ ಮಸೂರಿ ಕಳಿಸಬೇಕು. 25 ಕೆಜಿಯ ಎರಡು ಚೀಲ. ಅಂಗಡಿಯಿಂದ ಪಾರ್ಸಲ್ ಆಫೀಸಿಗೆ ಹತ್ತು ನಿಮಿಷದ ದಾರಿ. ಆಟೋದವರು ಹೇಳಿದ್ದು 150. ಹತ್ತುವಾಗ ಇನ್ನೊಂದು ಮಾತು: “ಅಕ್ಕೋರೆ, ಚೀಲ ಎತ್ತಿಡಾಕ ಐವತ್ತು ಬ್ಯಾರೆ ಆಗ್ತದ್ರಿ.” ಒಟ್ಟು 200. ಪಾರ್ಸಲ್ ಆಫೀಸಿನಲ್ಲಿ ಬೆಂಗಳೂರಿಗೆ ಎಷ್ಟು ಅಂತ ಕೇಳಿದರೆ 160! 400 ಕಿಲೋಮೀಟರಿಗೂ ಜಾಸ್ತಿ ದೂರಕ್ಕೆ 160, ಊರೊಳಗೆ 200. ರಸೀದಿಯನ್ನು ಎರಡೆರಡು ಸಲ ಓದಿದೆ. ಅದರಲ್ಲೂ 20 ರೂಪಾಯಿ ಹಮಾಲಿ. ಅಂದರೆ ಬರೀ ಲಾರಿ ಬಾಡಿಗೆ 140. ಎಲ್ಲಿಯ ಲೆಕ್ಕ ಇದು?

ಲೆಕ್ಕ ಸರಿಯಾಗೇ ಇದೆ. ಲಾರಿಯಲ್ಲಿ ನನ್ನ ಎರಡು ಚೀಲದ ಜೊತೆ ಟನ್‌ಗಟ್ಟಲೆ ಮಾಲು ಇರುತ್ತದೆ, ಡೀಸೆಲ್ ಎಲ್ಲರಿಗೂ ಹಂಚಿಹೋಗುತ್ತದೆ. ಆಟೋದಲ್ಲಿ ನಾನೊಬ್ಬಳೇ. ಇಂಥ ಚಿಕ್ಕ ಸಾಗಾಟದಲ್ಲಿ ದೂರಕ್ಕಿಂತ ಬೇರೆ ಗಾಡಿ ಹಿಡಿದು ಏರಿಸಿ ಇಳಿಸುವುದೇ ದುಬಾರಿ. ಆಟೋದವರು ಆ ಚೀಲ ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ್ದು ನೋಡಿದಿರಲ್ವಾ? ಶರ್ಟ್ ಪೂರ್ತಿ ಒದ್ದೆ. ಆ 50 ನ್ಯಾಯ ಅಂತೀನಿ. 150 ಮಾತ್ರ ಜಾಸ್ತಿಯೇ.

ಈ ಶಾಟ್ ರಾಯಚೂರಿನ ಪಕ್ಕದ ಶಕ್ತಿನಗರದ ಹತ್ತಿರದ್ದು, ಅಲ್ಲಿನ ಥರ್ಮಲ್ ಪ್ಲಾಂಟಿಗೆ ಹೋಗುವ ಕಲ್ಲಿದ್ದಲು. ಇಂಥ ಒಂದು ಗೂಡ್ಸ್ ಗಾಡಿಯಲ್ಲಿ ಸುಮಾರು 58 ವ್ಯಾಗನ್, 3,500 ಟನ್ ಆಸುಪಾಸು. ಒಳಗೆ ವ್ಯಾಗನ್ ಟಿಪ್ಲರ್ ಅಂತ ಯಂತ್ರ ಇರುತ್ತದೆ, ವ್ಯಾಗನ್ನನ್ನೇ ಹಿಡಿದು ಮಗುಚಿಬಿಡುತ್ತದೆ. ಯಾರ ಬೆನ್ನೂ ಬೇಕಾಗಿಲ್ಲ.

ಮಾಲು ಒಂದು ಗಾಡಿಯಿಂದ ಇಳಿದು ಇನ್ನೊಂದಕ್ಕೆ ಏರುವ ಜಾಗದಲ್ಲೇ ಗೋದಾಮು, ದಲ್ಲಾಳಿ, ಹಮಾಲರು, ಚಹಾ ಅಂಗಡಿ ಎಲ್ಲಾ ಸೇರಿಕೊಳ್ಳುತ್ತವೆ. ಇದು ರಾಯಚೂರು ಸ್ಟೇಷನ್. ಬೊಂಬಾಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆ, 1871ರಲ್ಲಿ ಎರಡರ ಹಳಿ ಕೂಡಿದ್ದು ಇಲ್ಲೇ. ಅದಕ್ಕೂ ಮೊದಲು ಈ ಊರಿಗಾಗಿ ರಾಜರು ಬಡಿದಾಡಿದ್ದು ಕೃಷ್ಣೆ, ತುಂಗಭದ್ರೆಯ ನಡುವಿನ ಭೂಮಿಗೋಸ್ಕರ. ರೈಲು ಬಂದ ಮೇಲೆ ಇಲ್ಲಿನ ಹತ್ತಿಗೆ ಎರಡು ಬಂದರಿನ ದಾರಿ ಸಿಕ್ಕಿತು. ಕೋಟೆಗಿಂತ ಸ್ಟೇಷನ್ನೇ ಈ ಊರಿಗೆ ಹೆಚ್ಚು ಅನ್ನ ಹಾಕಿದೆ ಅನ್ನುವುದು ನನ್ನ ಮಾತು.

ಇಲ್ಲಿ ಒಗ್ಗರಣೆ ಮಿರ್ಚಿ ತಿಂದೆ. ಖಾರ ಜಾಸ್ತಿ, ಆದರೂ ಬಿಡಲಿಲ್ಲ. ಹಾಂ, ಸಿಂಧನೂರು! ಆ ಊರಿನ ಮೇಲೆ ಹಾಯುವ ಗಿಣಿಗೇರಾ–ಮಹಬೂಬನಗರ ರೈಲು ಮಾರ್ಗ ಮಂಜೂರಾಗಿದ್ದು 1997–98ರಲ್ಲಿ. ಸಿಂಧನೂರಿಗೆ ರೈಲು ಬಂದಿದ್ದು 2024ರಲ್ಲಿ. ಭತ್ತದ ನಾಡಿಗೆ ಇದು ಅನ್ಯಾಯ. ಅಷ್ಟೊತ್ತಿಗೆ ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್‌ಗಳೆಲ್ಲ ಲಾರಿ ನಂಬಿಕೊಂಡು ರಸ್ತೆಗುಂಟ ಬೆಳೆದಾಗಿತ್ತು. ಈಗ ಅವನ್ನು ಹಳಿ ಪಕ್ಕಕ್ಕೆ ಎತ್ತಿಡೋಕೆ ಆಗುತ್ತಾ? ಮಿಲ್ಲಿಂದ ಸ್ಟೇಷನ್ನಿಗೆ ಮತ್ತೆ ಲಾರಿ, ಮತ್ತೆ ಹಮಾಲಿ.

ತಂಗಿ ಫೋನು, ತಡೀರಿ. ಚೀಲ ಮುಟ್ಟಿದೆಯಂತೆ. ಗೋದಾಮಿನಿಂದ ಅವಳ ಮನೆಗೆ ಆಟೋ 280 ಕೇಳುತ್ತಿದ್ದಾರಂತೆ. ಕೊಟ್ಟು ತಗೊಂಡು ಹೋಗು ಅಂದೆ. ಮಳೆ ಬರೋ ಹಾಗಿದೆಯಂತೆ ಅಲ್ಲಿ, ಅಕ್ಕಿ ನೆನೆಯಬಾರದು.