ಟೈ ಕಟ್ಟದ ಟೋನಿ ಗ್ರೆಗರಿ

ನಮಸ್ಕಾರ ಕೇಳುಗರೇ. ನಲ್ಲೀಲಿ ನೀರು ಬರ್ಲಿಲ್ಲ, ಚರಂಡಿ ಕಟ್ಕೊಂಡಿದೆ ಅಂದ್ರೆ ನಾವು ಯಾರ ಮನೆ ಬಾಗಿಲಿಗೆ ಹೋಗ್ತೀವಿ? ಕಾರ್ಪೊರೇಟರ್ ಮನೆಗೆ ತಾನೆ? ಇವತ್ತು ನಾನು ಹೇಳೋಕೆ ಬಂದಿರೋ ಐರ್ಲೆಂಡಿನ ಟೋನಿ ಗ್ರೆಗರಿ ಅಂಥವರೇ. ಪಾರ್ಲಿಮೆಂಟಿಗೆ ಹೋದ್ಮೇಲೂ ಅವರು ಕಾರ್ಪೊರೇಟರ್ ಆಗೇ ಉಳಿದ್ರು, ಇದೊಂದು ನೆನಪಿಟ್ಕೊಂಡ್ರೆ ಸಾಕು.

1947ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ್ದು. ಅಪ್ಪ ಬಂದರಿನ ಗೋಡೌನ್‌ನಲ್ಲಿ ಕೆಲಸಕ್ಕಿದ್ರು, ಇವರು ಸ್ಕೂಲ್ ಮೇಷ್ಟ್ರು, ಐರಿಷ್ ಭಾಷೆ, ಇತಿಹಾಸ ಹೇಳಿಕೊಡ್ತಿದ್ರು. 1979ರಲ್ಲಿ ಸಿಟಿ ಕೌನ್ಸಿಲ್ಗೆ ಗೆದ್ರು, 1982ರ ಫೆಬ್ರವರಿಲಿ ಡಾಯ್ಲ್‌ಗೆ, ಅಂದ್ರೆ ಅವರ ಪಾರ್ಲಿಮೆಂಟಿಗೆ. ಎರಡೂ ಸಲ ಪಕ್ಷೇತರ.

ಈಗ ಕೇಳಿ, ಇದು ನಂಗೆ ತುಂಬಾ ಇಷ್ಟದ ಕಥೆ. ಆ ಚುನಾವಣೇಲಿ 166 ಸೀಟಲ್ಲಿ ಚಾರ್ಲ್ಸ್ ಹಾಹಿ ಅವರ ಪಕ್ಷ ಫಿಯನ ಫಾಯ್ಲ್‌ಗೆ ಬಂದಿದ್ದು 81, ಯಾರಿಗೂ ಬಹುಮತ ಇಲ್ಲ. 34 ವರ್ಷದ ಈ ಹೊಸ ಮೇಷ್ಟ್ರ ಓಟಿಗೆ ಎಲ್ಲಿಲ್ಲದ ಬೆಲೆ ಬಂತು! ಹಾಹಿ, ಅವರ ಎದುರಾಳಿ ಗ್ಯಾರೆಟ್ ಫಿಟ್ಜೆರಾಲ್ಡ್, ಪ್ರಧಾನಿ ಆಗ್ಬೇಕು ಅನ್ನೋ ಇಬ್ಬರೂ ಇವರ ಜೊತೆ ಮಾತಿಗೆ ಕೂತ್ರು. ಗ್ರೆಗರಿ ಮಂತ್ರಿಗಿರಿ ಕೇಳ್ಲಿಲ್ಲ. ನಮ್ಮ ಏರಿಯಾಗೆ ಮನೆ ಬೇಕು, ಹುಡುಗರಿಗೆ ಕೆಲಸ ಬೇಕು, ಬಂದರಿನ 27 ಎಕರೆ ಜಾಗ ಸರ್ಕಾರ ತಗೋಬೇಕು, ಮುಚ್ಚಿರೋ ಕ್ಲೊಂಡಾಲ್ಕಿನ್ ಪೇಪರ್ ಮಿಲ್ಲೂ ಸರ್ಕಾರಕ್ಕೆ ಸೇರ್ಬೇಕು ಅಂದ್ರು, ಬಾಯ್ಮಾತಲ್ಲ, ಎಲ್ಲಾ ಕಾಗದದ ಮೇಲೆ. ಹಾಹಿ ಸೈನ್ ಹಾಕಿದ್ರು, ಒಬ್ಬ ಕಾರ್ಮಿಕ ನಾಯಕರು ಸಾಕ್ಷಿಗೆ ಸೈನ್ ಹಾಕಿದ್ರು. ಮಾರ್ಚ್ 9ಕ್ಕೆ ಗ್ರೆಗರಿ ಸದನದಲ್ಲಿ ಎದ್ದು ನಿಂತು ಅದನ್ನ ದಾಖಲೆಗೆ ಹೋಗೋ ಹಾಗೆ ಓದಿ ಹೇಳಿದ್ರು, ನಾಳೆ ಯಾರೂ 'ನಾನು ಹಾಗೆ ಹೇಳೇ ಇಲ್ಲ' ಅನ್ನಬಾರ್ದಲ್ಲ. ಸುಮಾರು 10 ಕೋಟಿ ಪೌಂಡಿನ ಮಾತದು, ಗ್ರೆಗರಿ ಡೀಲ್ ಅಂತಾನೇ ಹೆಸರಾಯ್ತು.

ಇದನ್ನ ಬ್ಲ್ಯಾಕ್‌ಮೇಲ್ ಅನ್ನೋರನ್ನ ಕಂಡ್ರೆ ನಂಗೆ ಸಹನೆ ಇರಲ್ಲ. ತನಗೆ ಅಂತ ಏನ್ ಕೇಳಿದ್ರು ಹೇಳಿ? ಗ್ರೆಗರಿ ಬೆಂಬಲದಿಂದ ಬಂದ ಹಾಹಿ ಸರ್ಕಾರ ನವೆಂಬರ್‌ಗೇ ಬಿತ್ತು, ಎಷ್ಟೋ ಮಾತು ಕಾಗದದಲ್ಲೇ ಉಳೀತು, ಅದು ಬೇರೆ ವಿಷ್ಯ.

ಟೈಮ್ ಆಗ್ತಾ ಬಂತು, ಉಳಿದಿದ್ದು ಬೇಗ ಹೇಳ್ತೀನಿ. ಡಬ್ಲಿನ್‌ನಲ್ಲಿ ಹಳೇ ಮಗುವಿನ ಗಾಡೀಲಿ ಹಣ್ಣು ಹೇರ್ಕೊಂಡು ಮಾರೋ ಹೆಂಗಸರಿದ್ರು, ಪೊಲೀಸರು ಅವರನ್ನ ಎಬ್ಬಿಸ್ತಿದ್ರು. ಅವರ ಪರ ಬೀದಿಗಿಳಿದು 1986ರಲ್ಲಿ ಗ್ರೆಗರಿ ಎರಡು ವಾರ ಮೌಂಟ್‌ಜಾಯ್ ಜೈಲಲ್ಲಿದ್ರು, ಡಾಯ್ಲ್ ಸದಸ್ಯರಾಗಿದ್ಕೊಂಡೇ! ಹೆರಾಯಿನ್ ಮಾರೋರ ವಿರುದ್ಧವೂ ವರ್ಷಗಟ್ಟಲೆ ದನಿ ಎತ್ತಿದ್ರು. ಸದನಕ್ಕೆ ಟೈ ಕಟ್ಕೊಂಡು ಹೋಗ್ತಿರ್ಲಿಲ್ಲ, ನನ್ನ ಜನರಲ್ಲಿ ಎಷ್ಟೋ ಮಂದಿಗೆ ಟೈ ಕೊಳ್ಳೋ ಶಕ್ತಿ ಇಲ್ಲ ಅಂತಿದ್ರು. ಡಾಯ್ಲ್‌ನಲ್ಲಿದ್ರೂ ಕೌನ್ಸಿಲರ್ ಕೆಲಸ ಬಿಡ್ಲಿಲ್ಲ, ಎರಡೂ ಕಡೆ ಒಬ್ಬರೇ ಇರಬಾರ್ದು ಅಂತ ಕಾನೂನು ಬಂದ್ಮೇಲೆ 2004ರಲ್ಲಿ ಬಿಟ್ಟಿದ್ದು.

2009ರ ಜನವರಿ 2ಕ್ಕೆ ತೀರ್ಕೊಂಡ್ರು. ಜೂನ್‌ನಲ್ಲಿ ಉಪಚುನಾವಣೆ ಬಂದಾಗ ಜನ ದೊಡ್ಡ ಪಕ್ಷಗಳಿಗೆ ಕೊಡ್ಲಿಲ್ಲ, ಅವರ ಜೊತೇಲೇ ಓಡಾಡಿದ್ದ ಮೊರೀನ್ ಓಸಲಿವನ್ ಅವರನ್ನ ಪಕ್ಷೇತರರಾಗೇ ಗೆಲ್ಲಿಸಿ ಕಳಿಸಿದ್ರು. ನಮಸ್ಕಾರ.