ಹವಳದ ಉಂಗುರ, ಮಾಸ್ತರರ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆಯಿಂದ ನಿವೃತ್ತನಾದ ಮರುವರ್ಷ ನಾನು ಕಾರವಾರದಲ್ಲಿ ಒಬ್ಬ ಹಿರಿಯ ಅಕ್ಕಸಾಲಿಗರ ಬಳಿ ಬೆಳ್ಳಿಯ ಕೆಲಸ ಕಲಿಯಲು ಕುಳಿತೆ. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಶೇಟರೆನ್ನುತ್ತೇನೆ, ಅವರು ನನ್ನನ್ನು ಮಾಸ್ತರೆನ್ನುತ್ತಾರೆ. ಮನೆಯಾಕೆಗೆ ಹವಳ ಕೂರಿಸಿದ ಬೆಳ್ಳಿಯ ಉಂಗುರವೊಂದನ್ನು ಕೈಯಾರೆ ಮಾಡಿಕೊಡಬೇಕೆಂಬುದು ನನ್ನ ಆಸೆಯಾಗಿತ್ತು. ಮೂವತ್ತು ವರ್ಷ ಗಣಿತ ಕಲಿಸಿದ ನಾನು ಆ ಉಂಗುರದಲ್ಲಿ ಮಾಡಿದ ಮೊದಲ ತಪ್ಪು ಗಣಿತದ್ದೇ.

ಆಕೆಯ ಬೆರಳಿಗೆ 17 ಮಿಲಿಮೀಟರ್ ಒಳವ್ಯಾಸದ ಉಂಗುರ ಬೇಕಿತ್ತು. ಅದನ್ನು 3.14ರಿಂದ ಗುಣಿಸಿ, ಒಂದೂವರೆ ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಸುಮಾರು 53 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿದೆ. ಆದರೆ ಪಟ್ಟಿಯನ್ನು ಬಗ್ಗಿಸಿದಾಗ ಅದರ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಮೊದಲಿನ ಉದ್ದ ಉಳಿಯುವುದು ದಪ್ಪದ ನಡುವಿನ ಗೆರೆಗೆ ಮಾತ್ರ. ಆದ್ದರಿಂದ ಒಳವ್ಯಾಸಕ್ಕೆ ಲೋಹದ ದಪ್ಪವನ್ನೂ ಕೂಡಿಸಿ, ಹದಿನೆಂಟೂವರೆಯನ್ನು ಗುಣಿಸಿ, 58 ಮಿಲಿಮೀಟರ್ ಪಟ್ಟಿ ತೆಗೆದುಕೊಳ್ಳಬೇಕಿತ್ತು. ಶೇಟರಿಗೆ ಈ ಸೂತ್ರದ ಹಂಗಿಲ್ಲ. ಒಳಸುತ್ತಿನ ಅಳತೆಯ ಮೇಲೆ, ಪಟ್ಟಿ ಎಷ್ಟು ದಪ್ಪವೋ ಅದರ ಮೂರರಷ್ಟಕ್ಕಿಂತ ತುಸು ಹೆಚ್ಚು ಉದ್ದ ಬಿಡಬೇಕೆಂಬುದು ಅವರ ಕೈಗೆ ಗೊತ್ತು, ಮತ್ತು ಲೆಕ್ಕ ಹಾಕಿ ನೋಡಿದರೆ ಎರಡೂ ಒಂದೇ.

ಕತ್ತರಿಸಿದಾಗ ಈ ತಪ್ಪು ನನ್ನ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಬೇರೊಂದು ತಪ್ಪು ನನ್ನ ಗಮನವನ್ನೆಲ್ಲ ಸೆಳೆದಿತ್ತು. ಕಲ್ಲು ಕೂರುವ ಪುಟ್ಟ ಬಟ್ಟಲಿನ ಅಂಚು ಕಾಗದದಷ್ಟು ತೆಳು, ಅದರ ಕೆಳಗಿನ ಉಂಗುರವೋ ದಪ್ಪ. ಬಿಳಿಗಾರ ಹಚ್ಚಿ, ಬೆಸುಗೆಯ ಚೂರನ್ನು ಸಂದಿಯಲ್ಲಿಟ್ಟು, ನಾನು ಉರಿಯನ್ನು ನೇರವಾಗಿ ಆ ಚೂರಿನ ಮೇಲೆಯೇ ಹಿಡಿದೆ. ಶುದ್ಧ ಬೆಳ್ಳಿ ಕರಗಲು 961 ಡಿಗ್ರಿ ಸೆಲ್ಸಿಯಸ್ ಬೇಕು. ನೂರರಲ್ಲಿ ಏಳೂವರೆ ಪಾಲು ತಾಮ್ರ ಬೆರೆತ ಬೆಳ್ಳಿ ಅದಕ್ಕಿಂತ ಬಹಳ ಮೊದಲೇ ಸೋಲುತ್ತದೆ, ಬೆಸುಗೆ ಇನ್ನೂ ಮೊದಲು ಹರಿಯುತ್ತದೆ. ಈ ಅಂತರದೊಳಗೇ ಕೆಲಸ ಮುಗಿಯಬೇಕು. ಬೆಸುಗೆ ಉರಿಯಿದ್ದಲ್ಲಿಗೆ ಹೋಗುವುದಿಲ್ಲ, ಹೆಚ್ಚು ಕಾದ ಲೋಹದ ಕಡೆಗೆ ಓಡುತ್ತದೆ. ನನ್ನ ತೆಳು ಅಂಚು ಮೊದಲೇ ಕಾದು, ಬೆಸುಗೆಯನ್ನು ತನ್ನತ್ತ ಎಳೆದುಕೊಂಡು, ಮರುಕ್ಷಣ ತಾನೂ ಮುದುಡಿ ಗುಂಡಾಯಿತು. ಶೇಟರು ಆ ಗುಂಡನ್ನು ಚಿಮಟದಲ್ಲಿ ಎತ್ತಿ, “ಮಾಸ್ತರೇ, ಉರಿ ದಪ್ಪದ ಕಡೆ ಇರಲಿ, ತೆಳುವಿಗೆ ಅದು ತಾನೇ ಬರುತ್ತದೆ” ಎಂದರು. ಎರಡನೆಯ ಬಟ್ಟಲು ಹಾಗೆಯೇ ಕೂತಿತು.

ಆ ಸಂತೋಷದಲ್ಲಿ ಬರಿಯ ಉಂಗುರವನ್ನು ಬೆರಳಿಗೆ ಹಾಕಿಸಿ ನೋಡುವ ತಾಳ್ಮೆಯಿಲ್ಲದೆ ಹವಳವನ್ನು ಕೂರಿಸಿ, ಅಂಚನ್ನು ಅದರ ಮೇಲೆ ಒತ್ತಿ ಬಗ್ಗಿಸಿದೆ. ಕೂದಲೆಳೆಯಷ್ಟು ಬಿಗಿಯಾಗಿದ್ದರೆ, ಕಲ್ಲಿಲ್ಲದ ಉಂಗುರವನ್ನು ದುಂಡು ಸಲಾಕೆಗೆ ಏರಿಸಿ ಕೊಡತಿಯಿಂದ ಬಡಿದು ಹಿಗ್ಗಿಸಬಹುದು. ಐದು ಮಿಲಿಮೀಟರ್ ಕೊರತೆಗೆ ಆ ಉಪಾಯ ಸಾಲದು, ಕಲ್ಲು ಕೂತ ಮೇಲಂತೂ ಆಗದು. ಇದು ತಿಳಿಯುವ ಮೊದಲೇ ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದೆ. ಬೆಳ್ಳಿಯ ಮೇಲಿನ ಕಪ್ಪು ಕಲೆ ತೆಗೆಯಲೆಂದು, ಕಾಯಿಸಿದ ಹುಣಸೆಹುಳಿಯ ನೀರಿಗೆ ಉಂಗುರವನ್ನು ಕಲ್ಲಿನೊಡನೆಯೇ ಹಾಕಿದೆ. ಹವಳ ನಿಜವಾಗಿ ಕಲ್ಲಲ್ಲ. ನಮ್ಮ ಕಡಲ ಚಿಪ್ಪಿನಂತೆ ಸುಣ್ಣದ ಅಂಶದಿಂದಾದದ್ದು, ಮುತ್ತೂ ಹಾಗೆಯೇ. ಹುಳಿ ತಾಗಿದರೆ ಅದರ ಮೈ ಸವೆಯುತ್ತದೆ. ಹೊರತೆಗೆದಾಗ ಬೆಳ್ಳಿ ಬೆಳಗಿತ್ತು, ಹವಳ ಮಂಕಾಗಿತ್ತು. ಹುಳಿಯ ಕೆಲಸವೆಲ್ಲ ಕಲ್ಲು ಕೂರಿಸುವ ಮೊದಲೇ ಮುಗಿಯಬೇಕೆಂದು ಶೇಟರು ಎರಡು ಸಲ ಹೇಳಿದ್ದರು; ಕೇಳಿಸಿಕೊಂಡಿದ್ದೆ, ಅಷ್ಟೇ. ತರಗತಿಯಲ್ಲಿ ಹೀಗೆ ಕೇಳಿಸಿಕೊಂಡ ಹುಡುಗರನ್ನು ನಾನು ಎಷ್ಟು ಗದರಿದ್ದೆನೋ.

ಎರಡನೆಯ ಉಂಗುರಕ್ಕೆ 58 ಮಿಲಿಮೀಟರ್ ಪಟ್ಟಿ ಕತ್ತರಿಸಿದೆ, ಬೆಸುಗೆ ಒಂದೇ ಸಲಕ್ಕೆ ಹರಿಯಿತು, ಹುಳಿಯ ನೀರನ್ನು ದೂರವಿಟ್ಟ ಮೇಲೆಯೇ ಹೊಸ ಹವಳವನ್ನು ಕೈಗೆತ್ತಿಕೊಂಡೆ. ಡಿಸೆಂಬರಿನ ಬೆಳಗಿನಲ್ಲಿ ಅದು ಆಕೆಯ ಬೆರಳಿಗೆ ಹೇಳಿ ಮಾಡಿಸಿದಂತೆ ಕೂತಿತು. ಮೇ ತಿಂಗಳ ಸೆಕೆಯಲ್ಲಿ ಬೆರಳು ಬಾತು, ಸಾಬೂನು ಹಚ್ಚಿ ತೆಗೆಯಬೇಕಾಯಿತು. ಈಗ ಮೂರನೆಯದರ ಸಿದ್ಧತೆ ನಡೆದಿದೆ. ಈ ಸಲ ಮಧ್ಯಾಹ್ನ ಊಟವಾದ ಮೇಲೆ ಕಾಗದದ ಪಟ್ಟಿ ಸುತ್ತಿ ಬೆರಳಿನ ಅಳತೆ ತೆಗೆದಿದ್ದೇನೆ.

ನಮಸ್ಕಾರ.